ಎಳೆಯುವ ಪಂಪು, ತಳ್ಳುವ ಪಂಪು

ರಿಚರ್ಡ್ಸ್ ಟೌನಿನ ಹತ್ತಿರದ ರೈಲ್ವೆ ಗೇಟಿನಲ್ಲಿ, ಹಿಂದಿನ ಚಕ್ರಗಳು ಇನ್ನೂ ಹಳಿಯ ಮೇಲಿರುವಾಗಲೇ, ನಮ್ಮ ಡೀಸೆಲ್ ಪಿಕಪ್ ನಿಂತುಬಿಟ್ಟಿತು. ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ಅಪ್ಪ ಕೂತಿದ್ದರು. ಹಿಂದೆ, ಒಂದು ಬಂಗಲೆಯ ತೋಟಕ್ಕೆಂದು ತುಂಬಿಕೊಂಡಿದ್ದ ಗುಲಾಬಿ ಮತ್ತು ಕ್ರೋಟನ್ ಕುಂಡಗಳು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಬೆಳಗಿನ ಹೊತ್ತು, ನಮ್ಮ ಹಿಂದೆ ಸ್ಕೂಟರು, ಆಟೋಗಳ ಸಾಲು.

ಕೀ ತಿರುಗಿಸಿದೆ. ಸೆಲ್ಫ್ ಮೋಟರು ಗರಗರ ತಿರುಗಿತು, ಇಂಜಿನ್ ಹಿಡಿಯಲಿಲ್ಲ. ಇನ್ನೊಮ್ಮೆ ತಿರುಗಿಸಿದೆ. ಗೇಟು ಕಾಯುವವನು ತನ್ನ ಕೋಣೆಯಿಂದ ಹೊರಗೆ ಬಂದು ಕೆಂಪು ಬಾವುಟ ಬಿಚ್ಚಿಕೊಂಡು ನಿಂತ. ಅವನು ಕೂಗಾಡಲಿಲ್ಲ. ನನ್ನ ಕಿಟಕಿಯ ಹತ್ತಿರ ಬಂದು, "ಅಮ್ಮಾ, ಗೇಟ್ ಹಾಕೋ ಟೈಮ್ ಆಯ್ತು" ಎಂದಷ್ಟೇ ಹೇಳಿದ. ಆ ಶಾಂತವಾದ ದನಿಗೇ ನಾನು ಹೆಚ್ಚು ಹೆದರಿ ಮತ್ತೆ ಕೀ ತಿರುಗಿಸಿದೆ.

ಅಪ್ಪ ರಸ್ತೆಯನ್ನೇ ನೋಡುತ್ತ ಹೇಳಿದರು. "ಫಸ್ಟ್ ಗೇರ್ ಹಾಕು. ಕ್ಲಚ್ ಮೇಲಿಂದ ಕಾಲು ತೆಗಿ. ಈಗ ಸೆಲ್ಫ್ ಹೊಡಿ. ಬಿಡ್ಬೇಡ, ಹೊಡೀತಾನೇ ಇರು."

ಹಾಗೆ ಮಾಡಿದೆ. ಸತ್ತ ಇಂಜಿನ್ನನ್ನೂ ಕುಂಡಗಳ ಭಾರವನ್ನೂ ಹೊತ್ತ ಗಾಡಿ, ಬರೀ ಬ್ಯಾಟರಿಯ ಬಲದಲ್ಲಿ, ಕುಪ್ಪಳಿಸಿ ಕುಪ್ಪಳಿಸಿ ಮುಂದಕ್ಕೆ ಸರಿಯಿತು. ಒಂದೊಂದು ಸಲ ಕುಪ್ಪಳಿಸಿದಾಗಲೂ ಹಿಂದೆ ಕುಂಡಗಳು ಒಂದಕ್ಕೊಂದು ತಾಗುವ ಸದ್ದು. ಹಳಿ ದಾಟಿ ಎಡಕ್ಕೆ ಎಳೆದು ನಿಲ್ಲಿಸಿದ ಮೇಲೆ ಹಿಂದೆ ಗೇಟು ಇಳಿಯಿತು. ರೈಲು ಬರಲು ಇನ್ನೂ ಸಾಕಷ್ಟು ಸಮಯವಿತ್ತು, ನಿಜ. ಆದರೆ ಅದು ಹಾದುಹೋಗುವಾಗ ನಾನು ತಿರುಗಿ ನೋಡಲಿಲ್ಲ.

ಅಪ್ಪ ಇಳಿದು ಬಾನೆಟ್ ಎತ್ತಿದರು. ನಮಗಿಬ್ಬರಿಗೂ ಈ ಕೆಲಸ ಬಾಯಿಪಾಠವಾಗಿತ್ತು. ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ, ಅಂಗೈಯಷ್ಟು ಅಗಲದ ಒಂದು ಚಿಕ್ಕ ಪಂಪು ಇರುತ್ತದೆ. ಹಿಂದಿರುವ ಟ್ಯಾಂಕಿನಿಂದ ಡೀಸೆಲ್ಲನ್ನು ಎಳೆದು ತಂದು ಇಂಜಿನ್ನಿಗೆ ಒದಗಿಸುವುದು ಅದರ ಕೆಲಸ. ಮೆಕ್ಯಾನಿಕ್ಕುಗಳು ಅದನ್ನು ಫೀಡ್ ಪಂಪ್ ಎನ್ನುತ್ತಾರೆ. ಅದಕ್ಕೆ ಕೈಯಿಂದ ಒತ್ತುವ ಒಂದು ಲಿವರ್ ಇತ್ತು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಆ ಲಿವರನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ, ಮೊದಲು ನೊರೆ ಬರುತ್ತಿತ್ತು, ಆಮೇಲೆ ಶುದ್ಧ ಡೀಸೆಲ್. ನೊರೆ ನಿಂತ ಮೇಲೆ ಸ್ಕ್ರೂ ಬಿಗಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿತ್ತು.

ಅವತ್ತು ಆ ನೊರೆಯನ್ನು ನೋಡುತ್ತ ನಿಂತಾಗ, ಭಯ ಇಳಿದ ಜಾಗದಲ್ಲಿ ಒಂದು ಪ್ರಶ್ನೆ ಬಂದು ಕೂತಿತು. ನೊರೆ ಎಂದರೆ ಗಾಳಿ. ಟ್ಯಾಂಕಿನಲ್ಲಿ ಡೀಸೆಲ್ ಇದೆ. ಟ್ಯಾಂಕಿನಿಂದ ಇಂಜಿನ್ನಿನವರೆಗೆ ಪೈಪಿನಲ್ಲಿ ಎಲ್ಲೂ ಒಂದು ತೊಟ್ಟು ಸೋರುತ್ತಿಲ್ಲ. ಹಾಗಾದರೆ ಈ ಗಾಳಿ ಒಳಗೆ ಬಂದದ್ದೆಲ್ಲಿಂದ?

ನಮ್ಮದು ಕೆ.ಆರ್. ಪುರಂ ಆಚೆಯ ಹಳ್ಳಿ. ಅಜ್ಜನ ಕಾಲದಲ್ಲಿ ರಾಗಿ, ಅಪ್ಪನ ಕಾಲದಲ್ಲಿ ದ್ರಾಕ್ಷಿ ಮತ್ತು ಸೇವಂತಿಗೆ ಬೆಳೆದ ಜಮೀನು ಬಹುಪಾಲು ಲೇಔಟ್ ಆಗಿ, ಬಾವಿಯ ಸುತ್ತ ಒಂದು ತುಂಡು ಉಳಿದಿತ್ತು. ಅಲ್ಲಿ ಅಪ್ಪ ನರ್ಸರಿ ಇಟ್ಟಿದ್ದರು. ಇಂದಿರಾನಗರ, ಹಲಸೂರು, ಕಂಟೋನ್ಮೆಂಟ್ ಕಡೆಯ ಹಳೆಯ ಬಂಗಲೆಗಳಿಗೆಲ್ಲ ಗಿಡ ಹೋಗುತ್ತಿದ್ದದ್ದು ನಮ್ಮಲ್ಲಿಂದ. ಅಪ್ಪನಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಡ್ರೈವಿಂಗ್ ಬಿಡಬೇಕಾಯಿತು. ನಾನು ಬಿ.ಕಾಂ. ಮುಗಿಸಿ ಹೊಸ ತಿಪ್ಪಸಂದ್ರದ ಒಂದು ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದೆ. ಅದನ್ನು ಬಿಟ್ಟು ಗಾಡಿ ಹಿಡಿದೆ. ಮೊದಮೊದಲು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು, ನನಗೂ.

ಗಾಡಿಯ ರೋಗಕ್ಕೆ ಒಂದು ಕ್ರಮವಿತ್ತು. ಟ್ಯಾಂಕ್ ತುಂಬಿದ್ದಾಗ ಎಷ್ಟು ದೂರವಾದರೂ ಓಡುತ್ತಿತ್ತು. ಅರ್ಧಕ್ಕಿಂತ ಕೆಳಗಿಳಿದರೆ, ಅದರಲ್ಲೂ ಏರು ಹತ್ತುವಾಗ, ಸೊರಗಿ ನಿಲ್ಲುತ್ತಿತ್ತು. ಆ ಗೇಟಿಗೂ ಒಂದು ಸಣ್ಣ ಏರು ಇದೆ. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಫಿಲ್ಟರ್ ಬದಲಿಸಿದರು, ನಾಝಲ್ ತೊಳೆದರು, ಟ್ಯಾಂಕ್ ಇಳಿಸಿ ಕಸ ತೆಗೆದರು. ಪ್ರತಿಯೊಬ್ಬರೂ "ಏರ್ ತಗೊಂಡಿದೆ" ಎಂದೇ ಹೇಳುತ್ತಿದ್ದರು. ಎಲ್ಲಿಂದ ತಗೊಂಡಿದೆ ಎಂದು ಕೇಳಿದರೆ, "ಎಲ್ಲಾದ್ರೂ ತಗೊಂಡಿರುತ್ತೆ" ಎನ್ನುತ್ತಿದ್ದರು. ನನಗೆ ಆ ಉತ್ತರ ಸಾಕಾಗುತ್ತಿರಲಿಲ್ಲ.

ಮಾರನೆಯ ದಿನ ಕುಂಡಗಳಿಗೆ ನೀರು ಹಾಕಿ ಮುಗಿದ ಮೇಲೆ, ಒಂದು ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ತೆಗೆದುಕೊಂಡು ಬಾವಿಗಿಳಿದೆ. ನಮ್ಮದು ಮೆಟ್ಟಿಲಿದ್ದ ತೆರೆದ ಬಾವಿ. ಟ್ಯೂಬಿನ ಒಂದು ತುದಿ ನೀರಿನಲ್ಲಿ ಮುಳುಗಿಸಿ, ಇನ್ನೊಂದನ್ನು ಬಾಯಲ್ಲಿಟ್ಟುಕೊಂಡು ಹೀರಿದೆ. ಎರಡು ಮೆಟ್ಟಿಲು ಮೇಲೆ ನಿಂತು ಹೀರಿದರೆ ನೀರು ಸಲೀಸಾಗಿ ಬಂತು. ನಾಲ್ಕು ಮೆಟ್ಟಿಲಿಗೆ ಕೆನ್ನೆ ನೋಯಿತು. ಇನ್ನೂ ಮೇಲೆ ಹೋದಾಗ, ಎಷ್ಟು ಹೀರಿದರೂ ನೀರು ನನ್ನ ಮೊಣಕಾಲಿನ ಹತ್ತಿರ ಬಂದು ನಿಂತು ನಡುಗುತ್ತಿತ್ತು, ಮೇಲೆ ಬರುತ್ತಿರಲಿಲ್ಲ.

ಅಪ್ಪ ಬಾವಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ಏನಮ್ಮಾ ಅದು, ಬಾವಿ ಖಾಲಿ ಮಾಡ್ತೀಯಾ?"

"ಎಷ್ಟೆತ್ತರ ಎಳೆಯೋಕಾಗುತ್ತೆ ಅಂತ ನೋಡ್ತಿದ್ದೀನಿ."

"ಅದು ನನ್ನ ಕೇಳಿದ್ರೆ ಹೇಳ್ತಿದ್ನಲ್ಲ. ಮೊದ್ಲು ಪಂಪ್‌ಸೆಟ್ ತಂದಾಗ ಇಲ್ಲೇ ಮೇಲಿಟ್ಟಿದ್ದೆ. ನೀರು ಕೆಳಗೆ ಹೋಯ್ತು, ಮೋಟ್ರು ಗುಂಯ್ ಅನ್ನುತ್ತೆ, ನೀರಿಲ್ಲ. ಆಗ ಆ ಕಲ್ಲಿನ ಮೇಲೆ ಇಳಿಸ್ದೆ. ಇನ್ನೂ ಹೋಯ್ತು, ಇನ್ನೂ ಇಳಿಸ್ದೆ." ಬಾವಿಯ ಗೋಡೆಯಲ್ಲಿ ಒಂದರ ಕೆಳಗೊಂದು ಚಾಚಿಕೊಂಡಿದ್ದ ಕಲ್ಲುಚಪ್ಪಡಿಗಳನ್ನು ಬೆರಳಿನಲ್ಲಿ ತೋರಿಸಿದರು. "ಮೋಟ್ರಿಗೆ ಎಳೆಯೋ ಶಕ್ತಿ ಕಮ್ಮಿ ಕಣಮ್ಮ. ತಳ್ಳೋದಾದ್ರೆ ತೆಂಗಿನ ಮರದ ತುದಿಗೂ ತಳ್ಳುತ್ತೆ."

ಆಮೇಲೆ ಇನ್ನೊಂದು ಯೋಚನೆ ಬಂತು. ಟ್ಯೂಬಿನ ನಡುವೆ ಸೂಜಿಯಿಂದ ಒಂದು ತೂತು ಚುಚ್ಚಿ ಮತ್ತೆ ಹೀರಿದೆ. ತೂತಿನಿಂದ ಒಂದು ಹನಿಯೂ ಹೊರಗೆ ಬರಲಿಲ್ಲ. ಬದಲಿಗೆ, ಅಲ್ಲಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಒಳಗೆ ನುಗ್ಗಿ ನನ್ನ ಬಾಯಿಗೆ ಬಂದವು. ಎಳೆಯುವ ಪೈಪಿನಲ್ಲಿ ತೂತಿದ್ದರೆ ಅದು ಸೋರುವುದಿಲ್ಲ, ಗಾಳಿ ಕುಡಿಯುತ್ತದೆ. ಸೋರುವ ಜಾಗ ಹುಡುಕುತ್ತಿದ್ದವರಿಗೆಲ್ಲ ಏನೂ ಸಿಕ್ಕದೆ ಇದ್ದದ್ದು ಅದಕ್ಕೆ. ನಾನು ಮೆಟ್ಟಿಲ ಮೇಲೆ ಕೂತು ಅದೇ ಆಟವನ್ನು ಮತ್ತೆ ಮತ್ತೆ ಆಡಿದೆ. ತೂತು ಎಲ್ಲಿದೆಯೆಂದು ಇನ್ನೂ ಗೊತ್ತಿರಲಿಲ್ಲ. ಆದರೂ ಅರ್ಧ ಉತ್ತರ ಸಿಕ್ಕ ಖುಷಿ.

ಶಿವಾಜಿನಗರದಲ್ಲಿ ಬರೀ ಡೀಸೆಲ್ ಪಂಪಿನ ಕೆಲಸ ಮಾಡುವ ಒಬ್ಬರಿದ್ದಾರೆ ಎಂದು ಗಿಡ ಕೊಳ್ಳಲು ಬಂದ ಯಾರೋ ಹೇಳಿದರು. ಇಬ್ಬರೂ ಹೋದೆವು. ಗಲ್ಲಿಯ ಒಳಗೆ, ಹಳೆಯ ಗೇರ್‌ಬಾಕ್ಸುಗಳ ರಾಶಿಯ ನಡುವೆ, ಆಸ್ಪತ್ರೆಯ ಹಾಗೆ ಚೊಕ್ಕವಾದ ಒಂದು ಮಳಿಗೆ. ಅದರ ಮಾಲೀಕರಿಗೆ ಅರವತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡ, ಮಡಿಸಿದ ತೋಳಿನ ಶರಟು. ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಡಿಭಾಗಗಳನ್ನು ಜೋಡಿಸಿಟ್ಟಿದ್ದರು. ಗಲ್ಲಿಯವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು.

ನಾನು ಹೇಳಿದ್ದನ್ನು ಪೂರ್ತಿ ಕೇಳಿ ಅವರು ಅಪ್ಪನ ಕಡೆ ತಿರುಗಿದರು. "ಡ್ರೈವರ್ ಬಂದಿಲ್ವಾ, ಯಜಮಾನ್ರೇ?"

"ಇವಳೇ ಡ್ರೈವರು" ಎಂದರು ಅಪ್ಪ.

ಅವರು ನನ್ನನ್ನು ಒಮ್ಮೆ ನೋಡಿ, ಆಮೇಲೆ ಎಲ್ಲ ಪ್ರಶ್ನೆಗಳನ್ನೂ ನನಗೇ ಕೇಳಿದರು. ಬಾವಿಯಲ್ಲಿ ಮಾಡಿದ್ದನ್ನು ಹೇಳಿದಾಗ ಅವರ ಹುಬ್ಬು ಮೇಲೇರಿತು. ಒಳಗೆ ಹೋಗಿ ಒಂದು ತುಂಡು ಪಾರದರ್ಶಕ ಟ್ಯೂಬ್ ತಂದು, ಫೀಡ್ ಪಂಪಿಗೂ ಫಿಲ್ಟರಿಗೂ ನಡುವಿನ ಪೈಪಿನಲ್ಲಿ ಸಿಕ್ಕಿಸಿ, "ಸ್ಟಾರ್ಟ್ ಮಾಡಿ" ಎಂದರು. ಇಂಜಿನ್ ಓಡುತ್ತಿದ್ದಂತೆ ಟ್ಯೂಬಿನಲ್ಲಿ ತಿಳಿಹಳದಿಯ ಡೀಸೆಲ್ ಹರಿಯಿತು. ಅದರೊಳಗೆ ನಾನು ಬಾವಿಯಲ್ಲಿ ಕಂಡಂಥವೇ ಗುಳ್ಳೆಗಳು.

"ಹವಾ" ಎಂದರು ಚಾಚಾ. "ಲೈನಲ್ಲಿ ಎಲ್ಲೋ ಎಳೀತಿದೆ. ವಾಷರು, ಹೋಸು ಎಲ್ಲ ಹೊಸದು ಹಾಕ್ತೀನಿ. ಆದ್ರೂ ಈ ಪಂಪಿಗೆ ವಯಸ್ಸಾಗಿದೆ. ಇಷ್ಟು ದೂರದಿಂದ ಎಳೆಯೋಕೆ ಸಾಕಾಗಲ್ಲ. ಇದ್ರ ಒರಿಜಿನಲ್ ಸಾಮಾನು ಈಗ ಬರ್ತಿಲ್ಲ. ಕರೆಂಟ್ ಪಂಪ್ ಒಂದು ಹಾಕೋಣ."

ಎರಡು ದಿನ ಬಿಟ್ಟು ಹೋದಾಗ, ಗುಜರಿಯಿಂದ ಆರಿಸಿ ತಂದ ಮೂರು ಪಂಪುಗಳು ಬಿಳಿ ಬಟ್ಟೆಯ ಮೇಲಿದ್ದವು. ಒಂದೊಂದೂ ಕಾಫಿ ಲೋಟದ ಗಾತ್ರ. ಬ್ಯಾಟರಿಯ ತಂತಿ ಮುಟ್ಟಿಸಿ, ಒಂದು ಡಬ್ಬದಿಂದ ಇನ್ನೊಂದಕ್ಕೆ ಡೀಸೆಲ್ ಹಾಯಿಸಿ ತೋರಿಸಿದರು. ಮೊದಲನೆಯದು ದೂರಕ್ಕೆ ಚಿಮ್ಮಿತು. ನಾನು ಅದೇ ಒಳ್ಳೆಯದೆಂದುಕೊಂಡೆ. ಅವರು ತಲೆಯಾಡಿಸಿದರು. "ಇದು ಜೋರು. ಮುಂದೆ ಸೀಲ್ ಕಿತ್ಕೊಂಡು ಹೋಗುತ್ತೆ. ನಮಗೆ ಊಟ ಬಡಿಸೋನು ಬೇಕು, ಬಾಯಿಗೆ ತುರುಕೋನು ಬೇಡ." ಎರಡನೆಯದು ಮುಲುಗುತ್ತಿತ್ತು. ಮೂರನೆಯದು ಟಕ್ ಟಕ್ ಟಕ್ ಎಂದು ಬೇಗಬೇಗ ಬಡಿಯಿತು. ಅದರ ಬಾಯಿಗೆ ಅವರು ಬೆರಳು ಒತ್ತಿ ಮುಚ್ಚಿದ ಕೂಡಲೇ ಸದ್ದು ನಿಧಾನವಾಗಿ, ಆಗೊಮ್ಮೆ ಈಗೊಮ್ಮೆ ಮಾತ್ರ ಟಕ್ ಎಂದಿತು. "ಕೇಳ್ದಿರಾ? ಹೊಟ್ಟೆ ತುಂಬಿದ್ರೆ ತಾನೇ ಸುಮ್ನಾಗುತ್ತೆ. ಇದು ನಿಮ್ಮದು."

ಎಲ್ಲಿ ಕೂರಿಸಬೇಕೆಂಬಲ್ಲಿ ತಕರಾರು ಬಂತು. ಚಾಚಾಗೆ ಅದು ಬಾನೆಟ್ಟಿನ ಒಳಗೆ, ಹಳೆಯ ಪಂಪಿನ ಪಕ್ಕದಲ್ಲಿರಬೇಕು. ಮಣ್ಣು, ನೀರು ತಾಗುವುದಿಲ್ಲ, ರಿಪೇರಿಗೂ ಸುಲಭ. ಅಪ್ಪ ಒಪ್ಪಲಿಲ್ಲ. ಮಳಿಗೆಯ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಸೀಮೆಸುಣ್ಣ ಕೇಳಿ ಪಡೆದು, ಒಂದು ಬಾವಿ ಬರೆದರು. ಬಾವಿಯ ಮೇಲೊಂದು ಮೋಟರು, ಕೆಳಗೊಂದು ಮೋಟರು.

"ಸಾಬ್ರೇ, ಮೇಲಿಟ್ರೆ ಇದೂ ಎಳೀಬೇಕು, ಅದೂ ಎಳೀಬೇಕು. ಇಬ್ರೂ ಎಳೆಯೋರೇ ಆದ್ರೆ ಏನ್ ಬಂತು? ಇದನ್ನ ನೀರಿನ ಹತ್ರ ಇಳಿಸಿ. ಟ್ಯಾಂಕ್ ಪಕ್ಕ. ಅಲ್ಲಿಂದ ತಳ್ಳಲಿ."

ಚಾಚಾ ಬಗ್ಗಿ ಆ ಚಿತ್ರವನ್ನು ನೋಡಿದರು. "ನಿಮಗೆ ಯಾರು ಹೇಳಿಕೊಟ್ಟಿದ್ದು?"

"ಬಾವಿ."

ಅವರು ನಕ್ಕು, ಚಾಸಿಯ ಒಳಬದಿಯಲ್ಲಿ, ಟ್ಯಾಂಕಿನ ಪಕ್ಕಕ್ಕೇ ಜಾಗ ನೋಡಿದರು. ಮಣ್ಣು ಸಿಡಿಯದಂತೆ ಹಳೆಯ ರಬ್ಬರಿನ ಒಂದು ಮುಸುಕು ಕತ್ತರಿಸಿ ಹಾಕಿದರು. ಇಂಜಿನ್ ನಿಂತರೆ ಪಂಪೂ ತಾನಾಗಿ ನಿಲ್ಲುವಂತೆ ವೈರಿಂಗ್ ಮಾಡಿದರು. ಎಲ್ಲಾದರೂ ಗಾಡಿ ಗುದ್ದಿದರೆ ಪಂಪು ಡೀಸೆಲ್ ಚೆಲ್ಲುತ್ತಾ ಇರಬಾರದು ಎಂದರು. ಶುರು ಮಾಡುವಾಗ ಮಾತ್ರ ಒತ್ತಿ ಹಿಡಿಯಲು ಸ್ಟೀರಿಂಗ್ ಕೆಳಗೆ ಒಂದು ಬಟನ್.

ಹಳೆಯ ಪಂಪನ್ನು ಬಿಚ್ಚಲು ಹೋದಾಗ ಅಪ್ಪ ತಡೆದರು. "ಅದು ಇರ್ಲಿ ಬಿಡಿ. ಇದು ಗುಜರಿದು. ಇದು ಕೈಕೊಟ್ರೆ ಅದಾದ್ರೂ ಇರುತ್ತೆ."

ಚಾಚಾರ ಕೈ ಸ್ಪ್ಯಾನರಿನ ಮೇಲೆ ಒಂದು ಕ್ಷಣ ನಿಂತಿತು. "ಇರ್ಲಿ" ಎಂದು ಸ್ಪ್ಯಾನರ್ ಕೆಳಗಿಟ್ಟರು. ಹೊಸ ಪಂಪಿನಿಂದ ಬಂದ ಡೀಸೆಲ್ ಹಳೆಯ ಪಂಪಿನ ಮೂಲಕವೇ ಹಾದು ಮುಂದೆ ಹೋಗುವಂತೆ ಪೈಪು ಜೋಡಿಸಿದರು.

ಗಾಡಿ ಬದಲಾಗಿಬಿಟ್ಟಿತು. ಬಟನ್ ಒತ್ತಿದರೆ ಹಿಂದಿನಿಂದ ಟಕ್ ಟಕ್ ಟಕ್, ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಇಂಜಿನ್ ಹಿಡಿಯುತ್ತಿತ್ತು. ಅಪ್ಪ ಆ ಪಂಪಿಗೆ ಹಲ್ಲಿ ಎಂದು ಹೆಸರಿಟ್ಟರು. ತಾವು ಏನಾದರೂ ಹೇಳುತ್ತಿರುವಾಗ ಅದು ಬಡಿದರೆ, "ನೋಡು, ಹಲ್ಲಿ ಲೊಚಗುಟ್ತು. ನಾನು ಹೇಳಿದ್ದು ನಿಜ" ಎನ್ನುತ್ತಿದ್ದರು. ಅದು ಯಾವಾಗಲೂ ಬಡಿಯುತ್ತಲೇ ಇರುತ್ತಿದ್ದುದರಿಂದ ಅಪ್ಪ ಹೇಳಿದ್ದೆಲ್ಲ ನಿಜವಾಗುತ್ತಿತ್ತು. ಟ್ಯಾಂಕ್ ಕಾಲುಭಾಗಕ್ಕೆ ಇಳಿದಾಗಲೂ ಹಲಸೂರಿನ ಏರನ್ನು ತುಂಬಿದ ಲೋಡಿನೊಂದಿಗೆ ಹತ್ತಿದೆವು.

ಆದರೆ ಆ ಬಡಿತವೇ ನನ್ನನ್ನು ಕಾಡತೊಡಗಿತು. ಮಳಿಗೆಯಲ್ಲಿ ಬೆರಳಿಟ್ಟು ಮುಚ್ಚಿದಾಗ ಅದು ಸುಮ್ಮನಾಗಿತ್ತಲ್ಲ. ಗಾಡಿ ನಿಂತು ಇಂಜಿನ್ ಮೆಲ್ಲಗೆ ಓಡುವಾಗ ಡೀಸೆಲ್ ಖರ್ಚು ತೀರ ಕಡಿಮೆ. ಆಗ ಅದು ಆಗೊಮ್ಮೆ ಈಗೊಮ್ಮೆ ಬಡಿಯಬೇಕು. ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಕೂತು ಕಿವಿಗೊಟ್ಟರೆ, ಅದು ಹಸಿದವರ ಹಾಗೆ ಬಡಿಯುತ್ತಲೇ ಇತ್ತು. ಎಲ್ಲಿಗೆ ಹೋಗುತ್ತಿದೆ ಆ ಡೀಸೆಲ್? ಗಾಡಿಯ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು.

ಹತ್ತು ಹನ್ನೆರಡು ದಿನ ಕಳೆದಿರಬಹುದು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಇಂಜಿನ್ ಆಯಿಲ್ ನೋಡುವುದು ಅಪ್ಪ ಕಲಿಸಿದ ಪದ್ಧತಿ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದೆ. ಆಯಿಲ್ ಮೇಲಿನ ಗೆರೆಯನ್ನು ದಾಟಿ ಎರಡು ಬೆರಳು ಮೇಲಿತ್ತು.

ಆಯಿಲ್ ಕಡಿಮೆಯಾಗುವುದು ಗೊತ್ತು. ಹೆಚ್ಚಾಗುವುದನ್ನು ನಾನು ಕೇಳಿರಲಿಲ್ಲ. ಮತ್ತೆ ಒರೆಸಿ ಅದ್ದಿದೆ. ಅಷ್ಟೇ. "ಅಪ್ಪಾ, ನೀನೇನಾದ್ರೂ ಆಯಿಲ್ ಹಾಕಿದ್ಯಾ?"

"ನಾನ್ಯಾಕೆ ಹಾಕ್ಲಿ? ನಮ್ಮ ಇಂಜಿನ್ ಆಯಿಲ್ ಕುಡಿಯಲ್ಲ." ಅದು ಅವರ ಹೆಮ್ಮೆಯ ಮಾತು. ಎರಡು ವರ್ಷದಿಂದ, ಒಮ್ಮೆ ಆಯಿಲ್ ಬದಲಿಸಿದರೆ ಮತ್ತೆ ಬದಲಿಸುವವರೆಗೆ ಮಟ್ಟ ಗೆರೆಯಿಂದ ಕದಲಿರಲಿಲ್ಲ. ಅಷ್ಟು ಹಳೆಯ ಇಂಜಿನ್ನಿಗೆ ಅದು ದೊಡ್ಡ ಮಾತೆಂದು ನರ್ಸರಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಈಗ ಕಡ್ಡಿಯನ್ನು ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರ ತಂದು ನೋಡಿ, "ಹಸು ಹಾಲು ಕೊಟ್ಟಂಗೆ ಇದು ಆಯಿಲ್ ಕೊಡ್ತಿದೆಯಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕಡ್ಡಿಯ ತುದಿಯನ್ನು ಮೂಸಿದೆ. ಡೀಸೆಲ್ಲಿನ ವಾಸನೆ. ಕೈಗೆಲ್ಲ ಯಾವಾಗಲೂ ಡೀಸೆಲ್ ಮೆತ್ತಿಕೊಂಡಿರುತ್ತಿದ್ದುದರಿಂದ ನನ್ನ ಮೂಗನ್ನೇ ನಾನು ನಂಬಲಿಲ್ಲ.

ಅವತ್ತು ಗಿಡ ಹಾಕಿಕೊಳ್ಳಲಿಲ್ಲ. ನಿಧಾನವಾಗಿ ಶಿವಾಜಿನಗರಕ್ಕೆ ಓಡಿಸಿದೆ. ಪಂಪು ಬಡಿಯುತ್ತಲೇ ಇರುತ್ತದೆ, ಆಯಿಲ್ ಮೇಲೇರಿದೆ, ಎರಡನ್ನೂ ಚಾಚಾಗೆ ಹೇಳಿದೆ. ಮೊದಲನೆಯದಕ್ಕೆ ಅವರು, "ಗುಜರಿ ಪಂಪಮ್ಮ, ಸ್ವಲ್ಪ ಸದ್ದು ಜಾಸ್ತಿ ಇರುತ್ತೆ" ಎಂದರು. ಎರಡನೆಯದು ಕೇಳಿದ ಕೂಡಲೇ ಬಾನೆಟ್ ಎತ್ತಿದರು.

ಕಡ್ಡಿ ತೆಗೆದು, ಹಳೆಯ ಉರ್ದು ಪೇಪರಿನ ಅಂಚಿನ ಖಾಲಿ ಜಾಗದಲ್ಲಿ ಒಂದು ತೊಟ್ಟು ಬೀಳಿಸಿದರು. ಪಕ್ಕದಲ್ಲಿ ಡಬ್ಬದಿಂದ ಹೊಸ ಆಯಿಲಿನ ಒಂದು ತೊಟ್ಟು. ನಾವು ಮೂವರೂ ಬಗ್ಗಿ ನೋಡುತ್ತ ನಿಂತೆವು. ಹೊಸ ಆಯಿಲ್ ಬಿದ್ದಲ್ಲೇ ಗುಂಡಗೆ ಕೂತಿತ್ತು. ನಮ್ಮ ಗಾಡಿಯದ್ದರ ನಡುವೆ ಕಪ್ಪು ಚುಕ್ಕೆ ಉಳಿದು, ಅದರ ಸುತ್ತ ತೆಳ್ಳನೆಯ ಹಳದಿ ವೃತ್ತವೊಂದು ಮೆಲ್ಲಗೆ ಹರಡುತ್ತಾ ಅಕ್ಷರಗಳ ಮೇಲೆ ಹತ್ತಿತು.

"ಡೀಸೆಲ್" ಎಂದರು ಚಾಚಾ. "ಇಂಜಿನ್ ಒಳಗೆ ಡೀಸೆಲ್ ಹೋಗ್ತಿದೆ."

"ಎಲ್ಲಿಂದ?" ಎಂದೆ.

ಅವರು ಹಳೆಯ ಪಂಪಿನ ಎರಡು ಬೋಲ್ಟ್ ಬಿಚ್ಚಿ ಅದನ್ನು ಇಂಜಿನ್ನಿನಿಂದ ಕಳಚಿದರು. ಪೈಪುಗಳು ಅದಕ್ಕೆ ಹಾಗೇ ಇದ್ದವು. "ಬಟನ್ ಒತ್ತಿ." ಒತ್ತಿದೆ. ಟಕ್ ಟಕ್ ಟಕ್. ಇಂಜಿನ್ನಿನ ಕಡೆಗೆ ಮುಖ ಮಾಡಿದ್ದ, ಒಣಗಿರಬೇಕಾಗಿದ್ದ ಪಂಪಿನ ಬೆನ್ನಿನಿಂದ ಡೀಸೆಲ್ ತೊಟ್ಟಿಕ್ಕತೊಡಗಿತು.

ಬೆಂಚಿನ ಮೇಲೆ ಅದನ್ನು ಬಿಚ್ಚಿದಾಗ ಒಳಗೆ ಹಪ್ಪಳದಂಥ ಒಂದು ರಬ್ಬರಿನ ಹಾಳೆ. ಇಂಜಿನ್ ಅದನ್ನು ಮೇಲೆ ಕೆಳಗೆ ಆಡಿಸುತ್ತದೆ. ಅದು ಆಡಿದಾಗ ಡೀಸೆಲ್ ಬರುತ್ತದೆ. ಮೇಲ್ಭಾಗದಲ್ಲಿ ಡೀಸೆಲ್, ಕೆಳಭಾಗದಲ್ಲಿ ಇಂಜಿನ್ನಿನ ಆಯಿಲಿನ ಮನೆ. ನಡುವೆ ಇರುವುದು ಆ ರಬ್ಬರು ಮಾತ್ರ. ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ. ಚಾಚಾ ಅದನ್ನು ಬೆರಳುಗಳ ನಡುವೆ ಬಗ್ಗಿಸಿದರು. ಅಂಚಿನಲ್ಲಿ, ಉಗುರಿನಷ್ಟು ಉದ್ದದ ಒಂದು ಸೀಳು ಬಾಯಿ ಬಿಟ್ಟಿತು.

ನಾನು ಕೈ ಚಾಚಿ ಅದನ್ನು ತೆಗೆದುಕೊಂಡೆ. ಬಗ್ಗಿಸಿದಾಗ ಸೀಳು ತೆರೆಯುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಬಾವಿಯಲ್ಲಿ ಟ್ಯೂಬಿಗೆ ಚುಚ್ಚಿದ ತೂತು ನೆನಪಾಯಿತು. "ಎಳೆಯೋವಾಗ ಇಂಜಿನ್ ಒಳಗಿನ ಗಾಳಿನ ಇದೇ ಎಳೀತಿತ್ತು" ಎಂದೆ. "ಗಾಳಿ ಹೊರಗಿಂದ ಬರ್ತಾನೇ ಇರ್ಲಿಲ್ಲ. ಅದಕ್ಕೇ ಯಾರಿಗೂ ಸಿಗ್ಲಿಲ್ಲ. ಈಗ ಹಿಂದಿಂದ ತಳ್ಳಿದ್ರೆ, ಅದೇ ಸೀಳಿಂದ ಡೀಸೆಲ್ ಒಳಗೆ ಹೋಗ್ತಿದೆ."

ಚಾಚಾ ಹೌದೆನ್ನುವಂತೆ ತಲೆಯಾಡಿಸಿದರು. ನಾನು ಇನ್ನೂ ಮುಂದೆ ಹೋದೆ. "ಮೊದ್ಲೂ ಸ್ವಲ್ಪ ಸ್ವಲ್ಪ ಹೋಗ್ತಿತ್ತು ಅನ್ಸುತ್ತೆ. ಇಂಜಿನ್ ಆಯಿಲ್ ಕುಡಿದಷ್ಟು ಇದು ಡೀಸೆಲ್ ತುಂಬ್ತಿತ್ತು. ಮಟ್ಟ ಮಾತ್ರ ಅಲ್ಲೇ ಇತ್ತು."

ಅಪ್ಪನ ಎರಡು ವರ್ಷದ ಹೆಮ್ಮೆ ಹೀಗೆ ಕರಗಿತು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು.

"ಈ ತೆಳು ಆಯಿಲಲ್ಲಿ ಇನ್ನೊಂದು ವಾರ ಓಡಿಸಿದ್ರೆ ಇಂಜಿನ್ ಹೋಗ್ತಿತ್ತು" ಎಂದರು ಚಾಚಾ. ಬಿಳಿ ಬಟ್ಟೆಯಲ್ಲಿ ಬಹಳ ಹೊತ್ತು ಕೈ ಒರೆಸಿಕೊಂಡರು. "ತಪ್ಪು ನಂದು. ಅವತ್ತು ಟ್ಯೂಬ್‌ನ ಪಂಪಿನ ಮುಂದೆ ಒಂದು, ಹಿಂದೆ ಒಂದು ಹಾಕ್ಬೇಕಿತ್ತು. ಹಿಂದೆ, ಟ್ಯಾಂಕ್ ಕಡೆ, ಗುಳ್ಳೆ ಇಲ್ಲ, ಮುಂದೆ ಇದೆ ಅಂದ್ರೆ ಪಂಪೇ ಕಳ್ಳ ಅಂತ ಗೊತ್ತಾಗ್ತಿತ್ತು. ಒಂದೇ ಕಡೆ ನೋಡ್ದೆ. ಹಳೇದನ್ನ ಅಲ್ಲೇ ಬಿಡ್ಬಾರ್ದು ಅಂತಾನೂ ನನಗೆ ಅನ್ನಿಸಿತ್ತು. ಯಜಮಾನ್ರು ಕೇಳಿದ್ರು ಅಂತ ಬಿಟ್ಟೆ."

"ಕೇಳಿದ್ದು ನಾನಲ್ವಾ, ಸಾಬ್ರೇ" ಎಂದರು ಅಪ್ಪ.

"ನೀವು ಕೇಳ್ತೀರಿ. ಆಗಲ್ಲ ಅನ್ನೋದು ನನ್ನ ಕೆಲ್ಸ."

ಅಷ್ಟು ವಯಸ್ಸಿನ, ಅಷ್ಟು ಕೆಲಸ ಬಲ್ಲ ಮನುಷ್ಯ ಒಬ್ಬ ಗಿರಾಕಿಯ ಎದುರು ಹೀಗೆ ನೇರವಾಗಿ ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಲ್ಲಿಯವರೆಗೆ ಕಂಡ ಮೆಕ್ಯಾನಿಕ್ಕುಗಳೆಲ್ಲ ತಪ್ಪನ್ನು ಹಿಂದಿನ ಮೆಕ್ಯಾನಿಕ್ಕಿನ ಮೇಲೆ ಹಾಕುತ್ತಿದ್ದರು.

ಗಲ್ಲಿಯ ತುದಿಯ ಲೇತ್ ಅಂಗಡಿಯಲ್ಲಿ ಒಂದು ದಪ್ಪ ತಗಡು ಕತ್ತರಿಸಿ ತಂದು, ಹಳೆಯ ಪಂಪು ಕೂತಿದ್ದ ಬಾಯಿಯನ್ನು ಮುಚ್ಚಿ, ಹೊಸ ಪಂಪಿನ ಪೈಪನ್ನು ನೇರವಾಗಿ ಫಿಲ್ಟರಿಗೇ ಜೋಡಿಸಿದರು. ಹಾಳಾದ ಆಯಿಲನ್ನೆಲ್ಲ ಬಸಿದಾಗ ಅದು ನೀರಿನ ಹಾಗೆ ಹರಿಯಿತು. ಹೊಸ ಆಯಿಲ್ ತುಂಬಿ, ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ಬಸಿದು ಮತ್ತೊಮ್ಮೆ ತುಂಬಿದರು. ಕೊನೆಗೆ ಬಟನ್ ಒತ್ತಿದಾಗ ಪಂಪು ಬೇಗಬೇಗ ಬಡಿದು, ನಿಧಾನವಾಗಿ, ಆಮೇಲೆ ಒಂದೊಂದೇ ಬಡಿತಕ್ಕೆ ಇಳಿಯಿತು. ನಾನು ಚಾಚಾರ ಮುಖ ನೋಡಿದೆ. "ಸದ್ದಿನ ವಿಷಯ ನೀನು ಹೇಳಿದ್ದೇ ಸರಿ" ಎಂದರು. ಅದುವರೆಗೆ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವರು ಅವತ್ತಿನಿಂದ ಏಕವಚನಕ್ಕೆ ಇಳಿದರು. ನನಗದು ಬಡ್ತಿಯ ಹಾಗೆ ಅನ್ನಿಸಿತು.

ಸಾಮಾನ್ಯವಾಗಿ ಅವರು ರಿಪೇರಿಯಾದ ಗಾಡಿಯನ್ನು ಹತ್ತಿರದಲ್ಲೇ ಒಂದು ಸುತ್ತು ಹಾಕಿಸಿ ಕೊಟ್ಟುಬಿಡುತ್ತಿದ್ದರಂತೆ. ಈ ಸಲ, "ನಿಮ್ಮ ಮೇಲೆ ಬಿಡಲ್ಲ, ನಾನೇ ಬರ್ತೀನಿ. ಟ್ಯಾಂಕ್ ಕಮ್ಮಿ ಇದೆ ತಾನೆ? ಹಾಗೇ ನಡೀರಿ" ಎಂದು ಮಳಿಗೆಗೆ ಬಾಗಿಲು ಹಾಕಿ ಹತ್ತಿ ಕೂತರು. ನಾನು ಸ್ಟೀರಿಂಗಿನಲ್ಲಿ, ನಡುವೆ ಅಪ್ಪ, ಕಿಟಕಿಗೆ ಚಾಚಾ. ಹಲಸೂರು ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿಯ ಗದ್ದಲ ಕಳೆದ ಮೇಲೆ ರಸ್ತೆ ಬಿಚ್ಚಿಕೊಂಡಿತು.

ಮೊದಲ ಅರ್ಧ ಗಂಟೆ ಅವರು ಇಂಜಿನ್ನಿಗೆ ಮಾತ್ರ ಕಿವಿಗೊಟ್ಟಿದ್ದರು. ಆಮೇಲೆ ಮೆಲ್ಲಗೆ ಹೊರಗೆ ನೋಡತೊಡಗಿದರು. ಹೊಲದಲ್ಲಿರುವುದು ಏನು ಬೆಳೆ ಎಂದು ಕೇಳಿದರು. ರಾಗಿ ಎಂದರು ಅಪ್ಪ. ದಿನಾ ತಿನ್ನುವ ರಾಗಿ ಹೊಲದಲ್ಲಿ ಹೀಗಿರುತ್ತದೆಂದು ತಾವು ನೋಡಿಯೇ ಇರಲಿಲ್ಲ ಎಂದರು ಚಾಚಾ. "ನಾನು ಕೈ ಹಾಕಿದ ಗಾಡಿಗಳು ಎಲ್ಲೆಲ್ಲಿಗೆ ಹೋಗ್ತವೋ, ಯಜಮಾನ್ರೇ. ನಾನು ಮಾತ್ರ ಅದೇ ಬೆಂಚು." ಅಪ್ಪ ತಾವು ಇಳಿಸಿದ ಮೋಟರುಗಳ ಕಥೆ ಹೇಳಿದರು. ಚಾಚಾ ತಮ್ಮ ಗಲ್ಲಿಯ ಮನೆಯೊಳಗೂ ಒಂದು ಬಾವಿಯಿತ್ತೆಂದೂ, ಅದರ ಮೇಲೆ ಚಪ್ಪಡಿ ಹಾಸಿ ಈಗ ಮಂಚ ಇಟ್ಟಿದ್ದಾರೆಂದೂ ಹೇಳಿದರು. ಅದರಲ್ಲಿ ಈಗಲೂ ನೀರಿರಬಹುದೇ ಎಂದು ಅಪ್ಪ ಕೇಳಿದರು. ಇಬ್ಬರೂ ಅದನ್ನೇ ಬಹಳ ಹೊತ್ತು ಚರ್ಚಿಸಿದರು.

ಹೊಸಕೋಟೆ ಬಂತು. ಅಲ್ಲಿಂದ ತಿರುಗಬೇಕೆಂದು ಮೊದಲೇ ಮಾತಾಗಿತ್ತು. ಟ್ಯಾಂಕಿನ ಮುಳ್ಳು ಕೆಳಗಿನ ಗೆರೆಯ ಹತ್ತಿರವಿತ್ತು, ಇಂಜಿನ್ ಒಂದೇ ಸಮ ಓಡುತ್ತಿತ್ತು. ನಾನು ವೇಗ ತಗ್ಗಿಸಿ ಬಲಕ್ಕೆ ಸಿಗ್ನಲ್ ಹಾಕಿದೆ.

"ಇನ್ನೊಂದು ಸ್ವಲ್ಪ ಹೋಗೋಣ್ವಾ?" ಎಂದರು ಚಾಚಾ.

"ಟೆಸ್ಟ್ ಆಯ್ತಲ್ಲ?" ಎಂದೆ.

"ಟೆಸ್ಟ್ ಆಯ್ತು" ಎಂದರು. ಅಪ್ಪ ನನ್ನ ಮೊಣಕೈ ತಟ್ಟಿದರು. ನಾನು ಸಿಗ್ನಲ್ ಆರಿಸಿ, ಕಂಡ ಮೊದಲ ಬಂಕಿನಲ್ಲಿ ಡೀಸೆಲ್ ತುಂಬಿಸಿ, ಕೋಲಾರದ ದಿಕ್ಕಿಗೆ ನೆಟ್ಟಗೆ ಬಿಟ್ಟೆ.